ಮಂಚಯ್ಯ ತಂದಿಟ್ಟ ಬೀಗದಕೈ

ಹೆಗ್ಗಡದೇವನಕೋಟೆ
18-7-2002

ಪ್ರೀತಿಯ ಅವ್ವನಿಗೆ, ಕೋಟೆಯಿಂದ ನಿನ್ನ ಶಶಿ ಮಾಡುವ ನಮಸ್ಕಾರ.

ಮೊಣಕಾಲು ನೋವು ಹೇಗಿದೆ? ಪಿರಿಯಾಪಟ್ಟಣದ ಥಂಡಿಗೆ ಹೆಚ್ಚಾಗಿಲ್ಲ ತಾನೆ? ಮಗಳ ಬಾಣಂತನದ ಭರದಲ್ಲಿ ನಿನ್ನ ಊಟ ಮರೆಯಬೇಡ. ರಮ್ಯಾ, ಈ ಕಾಗದವನ್ನು ಅವ್ವನಿಗೆ ಪೂರ್ತಿ ಓದು. ಅವಳಿಗೆ ಸಿಟ್ಟು ಬರುವ ಕಡೆ ಹಾರಿಸಬೇಡ.

ಹೋದ ವಾರ ಬೇಗೂರಿನಾಚೆಯ ಕಾಡಂಚಿನ ಊರಿಂದ ಮಂಚಯ್ಯ ಎಂಬ ಹಿರಿಯರು ಆಫೀಸಿಗೆ ಬಂದಿದ್ದರು. ತಮ್ಮೂರ ಸ್ಕೂಲಿಗೆ ಬೀಗ ಜಡಿದು, ಅದರ ಬೀಗದಕೈಯನ್ನು ನನ್ನ ಮೇಜಿನ ಮೇಲಿಟ್ಟರು. "ಮೇಡಂನೋರು ಕಾಗದದ ಮ್ಯಾಲೆ ನಮ್ಮೂರಲ್ಲಿ ಅವ್ರೆ, ಪಾಠ ಮಾಡೋದು ಕೋಟೇಲಿ. ಬಿಇಒ ಸಾಹೇಬ್ರು ನೀವೇ ಇಟ್ಕಳಿ ಇದ" ಎಂದರು. ಆ ಮೇಡಂ ನಮ್ಮ ಶಾಂತಲಾ, ನಿನ್ನ ಸೊಸೆ ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗಂತೂ ತಲೆ ಎತ್ತಲಾಗಲಿಲ್ಲ.

ನಿಯೋಜನೆಯ ಹೆಸರಿನಲ್ಲಿ ಹೀಗೆ ಹಳ್ಳಿ ಸ್ಕೂಲು ಬಿಟ್ಟು ಪೇಟೆಯಲ್ಲಿ ಕೂತವರು ಬೇಕಾದಷ್ಟು ಮಂದಿ. ಎಲ್ಲರನ್ನೂ ವಾಪಸ್ ಕಳಿಸುತ್ತೇನೆ ಅಂತ ಮೀಟಿಂಗಿನಲ್ಲಿ ಭಾಷಣ ಬಿಗಿದವನು ನಾನೇ. ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ ಅಂತ ಚಲುವಯ್ಯ ಮೇಷ್ಟ್ರು ಹಿಂದಿನ ಸಾಲಿನಲ್ಲಿ ಗೊಣಗಿದ್ದು ನನಗೂ ಕೇಳಿಸಿತ್ತು. "ಅಧಿಕಾರ ಕೈಲಿರೋವಾಗ ಸೊಸೆನ ಆನೆ ಬಾಯ್ಗೆ ನೂಕ್ತೀಯೇನ್ಲಾ" ಅಂತ ನೀನು ಹೊರಡುವಾಗ ಬೈದದ್ದನ್ನೂ ಮರೆತಿಲ್ಲ. ಆದರೂ ನಿನ್ನೆ ಎಲ್ಲರ ನಿಯೋಜನೆ ರದ್ದು ಮಾಡಿದೆ, ಅವಳದ್ದೇ ಮೊದಲು. ಶಾಂತಲಾ ಮಿಕ್ಕವರ ಹಾಗೆಯೇ ಸಾಲಿನಲ್ಲಿ ನಿಂತು ಆದೇಶ ತೆಗೆದುಕೊಂಡು, "ಆಯ್ತು ಸಾರ್" ಎಂದಳು.

ಬೇಗೂರಿನಲ್ಲಿ ಮಾಯಮ್ಮ ಎಂಬವರ ಮನೆಯಲ್ಲಿ ಅವಳಿಗೊಂದು ಕೋಣೆ ಸಿಕ್ಕಿದೆ, ಶನಿವಾರ ಬಂದು ಹೋಗುತ್ತಾಳೆ. ಚಿನ್ನು ಇಲ್ಲೇ ಕಾನ್ವೆಂಟಿಗೆ ಹೋಗಲಿ. ಆ ಕಾಡು ಸ್ಕೂಲಿನಲ್ಲಿ ಮಗು ಏನು ಕಲಿತೀತು? ಅವಳಿಗೆ ಜಡೆ ಹಾಕಲು ಹೋದರೆ ನನ್ನ ಗತಿ ಏನಾಗುತ್ತದೆ ಅಂತ ನಿನಗೆ ಗೊತ್ತು. ಬಾಣಂತನ ಮುಗಿದ ಕೂಡಲೇ ಬಂದುಬಿಡು.

ಭಾವನವರಿಗೆ ನಮಸ್ಕಾರ, ಕೂಸಿಗೆ ಮುತ್ತು.

ನಿನ್ನ ಮಗ,
ಶಶಿಕುಮಾರ

ತಾ.ಕ.: ಕಾಗದ ಅಂಟಿಸುವ ಮುಂಚೆ ಶಾಂತಲಾ ಓದಿದಳು. ಓದಿ, ಚಿನ್ನುವಿನ ಬಟ್ಟೆಗಳನ್ನೂ ತನ್ನ ಚೀಲಕ್ಕೇ ತುಂಬಿದಳು. "ಮಂಚಯ್ಯನೋರ ಊರಿನ ಮಕ್ಕಳಿಗೆ ಸಾಕಾದ ಸ್ಕೂಲು ನಿಮ್ಮ ಮಗಳಿಗೆ ಸಾಲದಾ, ಸಾರ್?" ಎಂದಳು. ಈಗಷ್ಟೇ ಇಬ್ಬರನ್ನೂ ಬಸ್ ಹತ್ತಿಸಿ ಬಂದೆ, ಬೀಗದಕೈ ಚಿನ್ನುವಿನ ಕೈಯಲ್ಲಿತ್ತು. ಅವ್ವಾ, ನೀನು ಬರುವಾಗ ಕೋಟೆಯಲ್ಲಿ ಇಳಿಯಬೇಡ, ಬೇಗೂರಿಗೇ ಟಿಕೆಟ್ ತಗೋ.