ಉಳಿಸಿದ ನೀರು

ಜೂನ್ 13, ಗುರುವಾರ. ತರೂದಾಂತ್.

ಇವತ್ತು ಊರೆಲ್ಲ ಗೌರವದಿಂದ 'ಲಲ್ಲಾ' ಎಂದು ಕರೆಯುವ ಇಜ್ಜಾಳ ಮುಖ ನೋಡಲು ನನ್ನಿಂದಾಗಲಿಲ್ಲ.

ಮೂರು ವರ್ಷದ ಹಿಂದೆ ಆಕೆಯ ಕಿತ್ತಳೆ ತೋಟದಲ್ಲಿ ಮಣ್ಣಿನ ತೇವ ಅಳೆಯುವ ಸೆನ್ಸರುಗಳನ್ನು ಹುಗಿದವಳು ನಾನೇ. "ಫೋನು ಹೇಳಿದಾಗ ಮಾತ್ರ ನೀರು ಬಿಡಿ, ಉಳಿದದ್ದು ಬರದ ವರ್ಷ ನಿಮಗೇ ಸಿಗುತ್ತೆ" ಎಂದು ನಂಬಿಸಿದವಳೂ ನಾನೇ. ಆಕೆ ನಂಬಿ ಮೂರರಲ್ಲಿ ಒಂದು ಪಾಲು ನೀರು ಉಳಿಸಿದಳು. ಆ ಅಂಕಿಗಳನ್ನು ನಾನು ಹೆಮ್ಮೆಯಿಂದ ಕಾಲುವೆ ಕಚೇರಿಗೆ ಕಳಿಸಿದೆ. ಈ ವಾರ ಅಲ್ಲಿಂದ ಆದೇಶ ಬಂದಿದೆ: ಇಷ್ಟು ನೀರಲ್ಲೇ ತೋಟ ಸಾಗುತ್ತಿರುವುದರಿಂದ ಸೋಮವಾರದಿಂದ ಆಕೆಯ ಪಾಲು ಇಷ್ಟೇ. ಉಳಿಸಿದ್ದು ಗುಡ್ಡದ ಮೇಲಿನ ಕಂಪನಿಯ ಆವಕಾಡೊ ತೋಟಕ್ಕೆ. ಸೆನ್ಸರು ಬೇಡವೆಂದು ನೀರು ಪೋಲು ಮಾಡಿದ ಪಕ್ಕದ ತೋಟದ ಹಮ್ಮು ಎಂಬವನ ಪಾಲು ಮಾತ್ರ ಹಾಗೇ ಇದೆ.

ನಾನು ಹೋಗುವಷ್ಟರಲ್ಲಿ ಇಜ್ಜಾ ಸೆನ್ಸರುಗಳನ್ನೆಲ್ಲ ಕಿತ್ತು, ಮಣ್ಣು ತೊಳೆದು, ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು.

"ತಗೊಂಡ್ಹೋಗು ಮಗಳೇ. ಮನೆ ಮಾತು ಊರಿಗೆಲ್ಲ ಹೇಳೋ ಸೊಸೇನ ಯಾರು ಇಟ್ಕೋತಾರೆ?"

"ನಂಗೆ ಗೊತ್ತಿರ್ಲಿಲ್ಲ ಲಲ್ಲಾ. ಕಚೇರಿಗೆ ಬರೀತೀನಿ."

"ಬರಿ ಬರಿ. ನೀ ಬರೆದಿದ್ದಕ್ಕೇ ಅಲ್ವೇನೇ ಇಷ್ಟಾಗಿದ್ದು?"

ಹಾಗೆಂದು ನಕ್ಕು, ಪುದೀನ ಚಹಾ ಬಗ್ಗಿಸಿ, ರೊಟ್ಟಿ, ಜೇನು ಮುಂದಿಟ್ಟಳು. ಬೈದುಬಿಟ್ಟಿದ್ದರೆ ಚೆನ್ನಾಗಿತ್ತು.

ಹೊರಟಾಗ ತೋಟ ನೋಡಿದೆ. ಸೋಮವಾರದೊಳಗೆ ತನ್ನ ಹಳೆಯ ಪಾಲನ್ನೆಲ್ಲ ಬಳಸಿಬಿಡಲು ಕಾಲುವೆಯ ತೂಬನ್ನು ಪೂರ್ತಿ ತೆರೆದಿಟ್ಟಿದ್ದಳು. ಮರಗಳ ಬುಡದಲ್ಲಿ ಮೊಣಕಾಲಿನವರೆಗೆ ನೀರು, ಬೇರು ಕೊಳೆಯುವಷ್ಟು. ಸೆನ್ಸರುಗಳ ಗಂಟನ್ನು ಕಂಕುಳಲ್ಲಿ ಸಿಕ್ಕಿಸಿದೆ. ಚಪ್ಪಲಿ ಕೈಯಲ್ಲಿ ಹಿಡಿದು ಆ ನೀರು ದಾಟಿ ಬಂದೆ.