ಹೆಬ್ಬೆಟ್ಟಿನ ಅಕ್ಕಿ

ಹೊನ್ನಾವರ ಮೇಲ್‌ದಂಡೆ,
ಕಡಲು ಊರೊಳಗೆ ಬಂದ ತೊಂಬತ್ತೊಂದನೇ ವರ್ಷ, ಹದಿಮೂರನೇ ತಿಂಗಳು, ಎರಡನೇ ದಿನ.

ನಮಗಿಂತ ಹಿಂದಿನ ಕಾಲದವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗದು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ಹೊರನೆರವು ಮಂಡಳಿಯ ಏಳು ಸದಸ್ಯರಲ್ಲಿ ಒಬ್ಬ. ಬೇರೆ ದೇಶಗಳು ಅನ್ನ ಕೇಳಿದಾಗ ಕೊಡಬೇಕೆ ಬೇಡವೆ ಎಂದು ತೀರ್ಮಾನಿಸುವುದು ನಮ್ಮ ಕೆಲಸ.

ಈಗ ನಾವು ಭತ್ತ ಬೆಳೆಯುವುದು ತೇಲುಗದ್ದೆಗಳಲ್ಲಿ, ಅಂದರೆ ಹಿನ್ನೀರಿನ ಮೇಲೆ ಕಟ್ಟಿದ ತೆಪ್ಪಗಳಲ್ಲಿ. ಪ್ರತಿ ಮನೆಯವರೂ ಬೆಳಿಗ್ಗೆ ಕಣಜಕಟ್ಟೆಗೆ ಹೋಗಿ, ಹೆಸರು ಹೇಳಿ, ಹೆಬ್ಬೆಟ್ಟು ಒತ್ತಿ ಅಂದಿನ ಪಾಲು ತರುತ್ತಾರೆ. ನಿಮ್ಮ ಪಡಿತರ ಅಂಗಡಿಗಳಿಂದ ಬಂದ ಕ್ರಮ ಇದು. ಇದರಲ್ಲಿ ಕಳ್ಳತನವಿಲ್ಲ ಎಂಬುದು ನಮ್ಮ ಹೆಮ್ಮೆ. ಮಗುವಿಗೆ ಮೊದಲ ತುತ್ತು ಉಣಿಸುವ ದಿನ ಅದರ ಹೆಬ್ಬೆರಳಿಗೆ ಮಸಿ ಹಚ್ಚುತ್ತೇವೆ, ನೆಂಟರೆಲ್ಲ ಸೇರುತ್ತಾರೆ.

ಕಳೆದ ವರ್ಷ ಮೆರುವ ಎಂಬ ದ್ವೀಪದೇಶದಲ್ಲಿ ಸರ್ಕಾರ ಬಿತ್ತು. ಎರಡು ಸೇನೆಗಳು ನೆಲ ಹಂಚಿಕೊಂಡವು. ಅಲ್ಲಿಂದ ರೇಡಿಯೋದಲ್ಲಿ ಅಕ್ಕಿ ಕೇಳಿದವಳು ಜುಲೇಖಾ. ನಮ್ಮ ಕರಾವಳಿಯಿಂದ ಹೋಗಿ ನೆಲೆಸಿದವರ ಮೊಮ್ಮಗಳು, ನಿರಾಶ್ರಿತರ ಶಿಬಿರವೊಂದರ ಅಡುಗೆಯವಳು. ಮಂಡಳಿಯಲ್ಲಿ ಮೂವರು, ಅಕ್ಕಿ ಸೈನಿಕರ ಹೊಟ್ಟೆಗೆ ಹೋಗುತ್ತದೆ, ಬೇಡ ಎಂದರು. ಮೂವರು ಕೊಡೋಣ ಎಂದರು. ಏಳನೆಯವನಾದ ನಾನು ನಡುವಿನ ದಾರಿ ಹುಡುಕಿದೆ: ಕೊಡೋಣ, ಆದರೆ ನಮ್ಮ ಕ್ರಮದಂತೆ ಹೆಸರು, ಹೆಬ್ಬೆಟ್ಟು ಪಡೆದು.

“ಅಕ್ಕಿ ಕಳ್ಸಿ ಮಾರಾಯ್ರೆ, ಹೆಸ್ರು ಮಾತ್ರ ಕೇಳ್ಬೇಡಿ,” ಎಂದಳು ಜುಲೇಖಾ. “ಹೆಸ್ರು ಹೇಳಿದ್ರೆ ಯಾವ ಕಡೆಯವ್ರು ಅಂತ ಗೊತ್ತಾಗ್ತದೆ ಇಲ್ಲಿ.”

“ಹೆಸ್ರು ಹೇಳ್ದೆ ದೇವ್ರೂ ಅರ್ಚನೆ ತಗೊಳ್ಳೋದಿಲ್ಲ ತಂಗಿ,” ಎಂದರು ಅಧ್ಯಕ್ಷ ಪದ್ಮಯ್ಯ. “ನಾವು ಅಕ್ಕಿ ಹೇಗೆ ಕೊಡೋದು?”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಹಡಗು ಹೋಯಿತು. ನಾಲ್ಕು ಸಾವಿರ ಜನ ಉಂಡರು. ಐದನೇ ವಾರ ಒಂದು ಸೇನೆ ಬಂದರನ್ನು ಹಿಡಿಯಿತು. ಗೋದಾಮಿನಲ್ಲಿ ನಮ್ಮ ಪಟ್ಟಿ ಸಿಕ್ಕಿತು, ಊರು, ಬೀದಿ, ಮನೆತನದ ಸಮೇತ. ಎದುರು ಕಡೆಯವರನ್ನು ಹುಡುಕಿ ಎಳೆದೊಯ್ಯಲು ಅವರು ಯಾರನ್ನೂ ವಿಚಾರಿಸಬೇಕಾಗಲಿಲ್ಲ. ಮೊದಲ ಹಾಳೆಯ ಮೊದಲ ಹೆಬ್ಬೆಟ್ಟು ಜುಲೇಖಾಳದು. ಉಳಿದವರಿಗೆ ಧೈರ್ಯ ಬರಲೆಂದು ಅವಳೇ ಮುಂದೆ ಹೋಗಿ ಒತ್ತಿದ್ದಳಂತೆ.

ನಿನ್ನೆ ಮತ್ತೆ ಬೇಡಿಕೆ ಬಂತು. ಈ ಸಲ ಮಾತಾಡಿದ್ದು ಅವಳ ತಂಗಿ. ತಪ್ಪಿಸಿಕೊಂಡವರು ಗುಹೆಗಳಲ್ಲಿದ್ದಾರೆ, ಹೆಚ್ಚೆಂದರೆ ಇನ್ನು ಹತ್ತು ದಿನ ಹಸಿವು ತಾಳಿಯಾರು. ಹೆಸರು ಕೇಳದೆ ಕೊಡೋಣ ಎಂದೆ. ಮಿಕ್ಕ ಆರು ಮಂದಿ ನನ್ನನ್ನು ಕನಿಕರದಿಂದ ನೋಡಿದರು. “ಹೋದ ಸಲ ಎಷ್ಟು ಜನ ಕಾಣೆಯಾದ್ರು ಅಂತ ಗೊತ್ತಾದದ್ದೇ ಪಟ್ಟಿಯಿಂದಲ್ವಾ?” ಎಂದರು ಪದ್ಮಯ್ಯ. ಹೊಸ ನಮೂನೆಯಲ್ಲಿ ಮಕ್ಕಳ ಹೆಸರಿಗೂ ಒಂದು ಕಾಲಂ ಸೇರಿತು. ನಾನು ಸಹಿ ಹಾಕಿದೆ. ಏಳು ಸಹಿಯೂ ಬೀಳದಿದ್ದರೆ ಅಕ್ಕಿಯೂ ಹೋಗುತ್ತಿರಲಿಲ್ಲ.

ನಿಮ್ಮ ದಿನಗಳಲ್ಲೂ ಎಲ್ಲೋ ಒಂದು ದೇಶ ಕುಸಿಯುತ್ತಿರಬೇಕು, ಕೊಡಬೇಕೆ ಎಂದು ನೀವು ಚರ್ಚಿಸುತ್ತಿರಬೇಕು. ಕೊಡಿ. ಒಂದಿಷ್ಟು ಕಳ್ಳರ ಪಾಲಾಗಲಿ, ಒಂದಿಷ್ಟು ಸೈನಿಕರು ತಿನ್ನಲಿ. ಹಸಿದವರನ್ನು ಯಾರು ಎಂದು ಕೇಳುವ ಅಭ್ಯಾಸ ನಿಮ್ಮಲ್ಲಿ ಇನ್ನೂ ಎಳೆಯದು. ನಮ್ಮವರೆಗೆ ಬರುವಷ್ಟರಲ್ಲಿ ಅದು ಸಭ್ಯತೆಯಾಗಿದೆ.

ಹಡಗು ಬೆಳಿಗ್ಗೆ ಹೊರಡುತ್ತದೆ. ಆ ಅಭ್ಯಾಸವನ್ನು ಈಗಲೇ ಬಿಟ್ಟು ನಮ್ಮನ್ನು ತಡೆಯಬಲ್ಲವರು ನೀವು ಮಾತ್ರ.