ತಹಸೀನಳ ಎಡಗೈ

ಜುಲೈ 8, ಮಂಗಳವಾರ
7.50ರ ಬಸ್ಸು ತಪ್ಪಿತು. ಮುಂದಿನದರಲ್ಲಿ ಪಿರಿಯಾಪಟ್ಟಣದಿಂದ ಹುಣಸೂರಿನವರೆಗೂ ನಿಂತುಕೊಂಡೇ ಬಂದೆ. ಪ್ರೇಯರ್ ಮುಗಿದಿತ್ತು. ಹೆಡ್‌ಮಾಸ್ಟರ್ ಸೋಮಶೇಖರ್ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಹಾಜರಿ ಪುಸ್ತಕ ಮುಂದಕ್ಕೆ ತಳ್ಳಿದರು. ಬೈದಿದ್ದರೇ ವಾಸಿ.

ಆರನೇ ಕ್ಲಾಸಿಗೆ ಇಂಗ್ಲಿಷ್. ಒಂದಕ್ಕೊಂದು ಅದಲುಬದಲಾಗುವ ಕ್ರಿಯಾಪದಗಳು — ಸೇ-ಟೆಲ್, ಹಿಯರ್-ಲಿಸನ್, ಲೆಂಡ್-ಬಾರೋ. ‘ಬಾರೋ’ ಎಂದಾಗಲೆಲ್ಲ ಹಿಂದಿನ ಬೆಂಚು ಕಿಸಿಕಿಸಿ. ಇಪ್ಪತ್ತಾರು ವರ್ಷ ಕನ್ನಡ ಕಲಿಸಿದವಳು ನಾನು. ಹೋದ ವರ್ಷ ಹದಿನೈದು ದಿನ ಟ್ರೈನಿಂಗ್ ಕೊಟ್ಟು, ‘ಪುಷ್ಪಾ ಮೇಡಂ, ಇನ್ಮೇಲೆ ಇಂಗ್ಲಿಷ್ ನಿಮ್ದೇ’ ಎಂದರು. ಅಂದಿನಿಂದ ಒಂದು ದಿನವೂ ಹೆದರದೆ ಕ್ಲಾಸಿಗೆ ಹೋಗಿಲ್ಲ.

‘ನಿನ್ನ ಪೆನ್ಸಿಲ್ ಎರವಲು ಕೊಡು’ — ಬೋರ್ಡಿನ ಮೇಲೆ ‘ಬಾರೋ ಮಿ ಯುವರ್ ಪೆನ್ಸಿಲ್’ ಎಂದು ಬರೆದೆ. ಎಲ್ಲರೂ ಹಾಗೇ ಬರೆದುಕೊಂಡರು. ತಹಸೀನ್ ಒಬ್ಬಳು ‘ಲೆಂಡ್ ಮಿ’ ಎಂದು ಬರೆದಿದ್ದಳು. ಮೈಸೂರಿನ ಅತ್ತೆಯ ಮನೆಯಲ್ಲಿದ್ದು ಓದಿ, ಈ ವರ್ಷ ಇಲ್ಲಿಗೆ ಸೇರಿದ ಹುಡುಗಿ. ‘ಮಿಸ್, ಇದೇ ಸರಿ ಅಲ್ವಾ?’ ಎಂದಳು, ಎಲ್ಲರೆದುರು. ಮೈ ಉರಿದುಹೋಯಿತು. ಕೆಂಪು ಇಂಕಿನಲ್ಲಿ ಗೀಟು ಎಳೆದೆ. ‘ಬೋರ್ಡ್ ಮೇಲಿರೋದನ್ನ ಐವತ್ತು ಸಲ ಬರ್ಕೊಂಡ್ ಬಾ.’

ಅದೇ ದಿನ, ಸಂಜೆ 6.30
ಅನುಮಾನ ಕೊರೆಯಿತು. ಟ್ರೈನಿಂಗ್ ಪುಸ್ತಕ ತೆಗೆದೆ. ಲೆಂಡ್ — ಕೊಡುವುದು. ಬಾರೋ — ತೆಗೆದುಕೊಳ್ಳುವುದು. ಕನ್ನಡದಲ್ಲಿ ಕೊಟ್ಟರೂ ಎರವಲು, ತಂದರೂ ಎರವಲು, ಅಲ್ಲೇ ಎಡವಿದ್ದೇನೆ. ಹುಡುಗಿಯದೇ ಸರಿ.
ನಾಳೆ ಹೇಳಿಬಿಡಬೇಕು.

ಜುಲೈ 9
ಹೇಳಲಿಲ್ಲ.
ಐವತ್ತು ಸಲ ಬರೆದು ತಂದಿದ್ದಾಳೆ. ಮುದ್ದಾದ ಅಕ್ಷರ. ಐವತ್ತೂ ತಪ್ಪು. ಕೆಳಗೆ ಸಹಿ ಹಾಕಿದೆ. ‘ಗುಡ್’ ಅಂತ ಬೇರೆ ಬರೆದೆ.

ಜುಲೈ 14, ಸೋಮವಾರ
ಸೋಮಶೇಖರ್ ಸರ್ಕ್ಯುಲರ್ ಓದಿದರು. ಶುಕ್ರವಾರ ಮೈಸೂರಿನಿಂದ ಆಫೀಸರ್ ಬರುತ್ತಾರಂತೆ. ಆರನೇ ಕ್ಲಾಸಿನ ಇಂಗ್ಲಿಷ್ ತಪಾಸಣೆ. ಮಕ್ಕಳ ನೋಟ್‌ಬುಕ್ಕೂ ನೋಡುತ್ತಾರಂತೆ. ಮಿಕ್ಕವರದು ಮಕ್ಕಳ ತಪ್ಪು ಎನ್ನಬಹುದು, ತಹಸೀನಳದರಲ್ಲಿ ನನ್ನ ಕೆಂಪು ಗೀಟು, ಸಹಿ ಇದೆ.

ಊಟದ ಬೆಲ್ಲಿನಲ್ಲಿ ತಹಸೀನಳ ನೋಟ್‌ಬುಕ್ ಇಸಿದುಕೊಂಡೆ. ಕರೆಕ್ಷನ್ ಇದೆ ಎಂದೆ. ಈಗ ನಮ್ಮ ಅಡುಗೆಮನೆಯಲ್ಲಿ, ಅಕ್ಕಿ ಡಬ್ಬದ ಹಿಂದೆ ಇದೆ. ಕಳ್ಳಿಯ ಹಾಗೆ ಬಚ್ಚಿಟ್ಟೆ... ಹಾಗೆ ಏನು ಬಂತು, ಕಳ್ಳಿಯೇ.

ಜುಲೈ 16, ಬುಧವಾರ
ಶಾಲೆ ಬಿಡುವಾಗ ಗೇಟಿನಲ್ಲಿ ತಹಸೀನಳ ಅಪ್ಪ ಮುಖ್ತಾರ್. ಮರಗೆಲಸದವರು, ಅಂಗಿ ತುಂಬಾ ಮರದ ಹೊಟ್ಟು. ಮುಗಿಯಿತು ನನ್ನ ಕತೆ ಅಂದುಕೊಂಡೆ.
‘ಮೇಡಂ, ಇಂಗ್ಲಿಷ್ ನೋಟ್ಸ್ ಇಲ್ಲ ಅಂತ ಮಗ್ಳು ಅಳ್ತಾ ಅವ್ಳೆ. ಬೇರೆ ತಕ್ಕೊಡ್ಲಾ?’
‘ಇಲ್ಲ ಇಲ್ಲ, ನನ್ನ ಹತ್ರಾನೇ ಇದೆ. ಕರೆಕ್ಷನ್...’
‘ಅಂಗಾರೆ ಸರಿ ಬುಡಿ. ಆವತ್ತು, ನಾನ್ ಬರ್ದಿದ್ದೇ ಸರಿ ಅಂತ ವಾದ ಮಾಡಿದ್ಲು ಕಣ್ರೀ. ಮಿಸ್ಸು ತಪ್ಪೇಳ್ತಾರಾ ಅಂತ ಎಲ್ಡು ಬುಟ್ಟೆ. ಪಕ್ದಲ್ಲೇ ಕುಂತ್ಕಂಡು ಐವತ್ತೂ ಬರೆಸ್ದೆ.’
ನಕ್ಕರು. ನಾನೂ ನಕ್ಕೆ. ಆ ಎರಡು ಏಟು ಬೀಳಬೇಕಿದ್ದದ್ದು ನನಗೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ.

ಜುಲೈ 17, ಗುರುವಾರ
ರಿಹರ್ಸಲ್. ಮೇಷ್ಟರುಗಳ ಹಳೆಯ ಉಪಾಯ. ಆಫೀಸರ್ ಏನೇ ಕೇಳಲಿ, ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ನಾನು ಬಲಗೈಯವರನ್ನೇ ಎಬ್ಬಿಸುತ್ತೇನೆ. ಮಕ್ಕಳಿಗೆ ಆಟ. ನನಗಲ್ಲ.

‘ನೋಟ್‌ಬುಕ್ಕೆಲ್ಲಾ ಅವೆ ತಾನೆ ಮೇಡಂ?’ ಎಂದು ಸೋಮಶೇಖರ್ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅದು ಮನೆಯಲ್ಲಿದ್ದರೂ ನನ್ನ ಕೈ ಬ್ಯಾಗಿನ ಮೇಲೆ ಹೋಯಿತು.

ತಹಸೀನಳದೇ ಚಿಂತೆ. ನಾಳೆ ಎದ್ದು ನಿಂತು ಹೇಳಿಬಿಟ್ಟರೆ? ದೇವರೇ, ಎರವಲಿನ ಪ್ರಶ್ನೆಯೊಂದು ಬೇಡ.

ಜುಲೈ 18, ಶುಕ್ರವಾರ
ಅದನ್ನೇ ಕೇಳಿದರು.
‘ನಿನ್ನ ಪೆನ್ಸಿಲ್ ಎರವಲು ಕೊಡು. ಇಂಗ್ಲಿಷ್‌ನಲ್ಲಿ ಯಾರ್ ಹೇಳ್ತೀರಿ?’
ಮೂವತ್ತೆರಡು ಕೈ ಮೇಲೆದ್ದವು. ಮೂವತ್ತೊಂದು ಬಲಗೈ — ಎಲ್ಲರಿಗೂ ಉತ್ತರ ಗೊತ್ತು, ನಾನು ಕಲಿಸಿದ ತಪ್ಪು ಉತ್ತರ. ಎಡಗೈ ಒಂದೇ. ತಹಸೀನಳದು.
ನನ್ನನ್ನೇ ನೋಡುತ್ತಿದ್ದಳು. ನನ್ನನ್ನು ಎಬ್ಬಿಸಬೇಡಿ ಮಿಸ್, ಎಂಬಂತೆ. ಅವಳಿಗೆ ಎಲ್ಲ ಗೊತ್ತು. ಮೊದಲಿನಿಂದಲೂ.
ಆಫೀಸರ್ ನಕ್ಕರು. ‘ಈ ಎಡಗೈ ಆಟಾನ ನಾನೂ ಮೇಷ್ಟ್ರಾಗಿದ್ದಾಗ ಆಡ್ಸಿದ್ದೆ ಕಣ್ರೀ.’ ಬೆರಳು ತಹಸೀನಳ ಕಡೆ. ‘ನೀನೇ ಹೇಳು.’
ಎದ್ದಳು.
‘ಗೊತ್ತಿಲ್ಲ ಸರ್.’
‘ಮಿಕ್ಕೋರಿಗೆಲ್ಲ ಬರುತ್ತೆ, ನಿನಗೊಬ್ಬಳಿಗೆ ಬರಲ್ವಾ?’ ನಿಧಾನಕ್ಕೆ ಕಲಿಯುವವರ ಪಟ್ಟಿಯಲ್ಲಿ ಅವಳ ಹೆಸರು ಬರೆದುಕೊಂಡರು. ಬೇರೆ ಯಾರನ್ನೂ ಕೇಳಲಿಲ್ಲ. ನೋಟ್‌ಬುಕ್ ರಾಶಿಯಲ್ಲಿ ಮೇಲಿನ ನಾಲ್ಕನ್ನು ತಿರುವಿ ಹೊರಟರು. ನನಗೆ ವೆರಿ ಗುಡ್.
ನಾನು ಬಾಯಿ ಬಿಡಲಿಲ್ಲ. ಪಾರಾದೆ. ಥೂ.

ಜುಲೈ 21, ಸೋಮವಾರ
ಆಫೀಸರಿಗೆ ಪತ್ರ ಬರೆದೆ. ತಪ್ಪು ನನ್ನದು, ಹುಡುಗಿಯ ಹೆಸರು ತೆಗೆಯಿರಿ. ಸೋಮಶೇಖರ್ ಎರಡು ಸಲ ಓದಿದರು.
‘ಮುಗಿದೋದ್ ಮಾತು ಬುಡಿ ಮೇಡಂ. ಯಾಕ್ ಮೈಮ್ಯಾಲ್ ಎಳ್ಕತೀರಾ? ಟ್ರಾನ್ಸ್‌ಫರ್ ಮಾಡಿ ಎಚ್.ಡಿ. ಕೋಟೆ ಕಾಡಂಚಿಗೆ ಆಕ್ಬುಟ್ರೆ?’
‘ಭಯ ಆಗ್ತಿದೆ ಸರ್. ಆದ್ರೂ ಕಳ್ಸಿ.’
ನಿಟ್ಟುಸಿರು ಬಿಟ್ಟು ಸೀಲು ಒತ್ತಿದರು.

ಜುಲೈ 22, ಬೆಳಿಗ್ಗೆ 11.10, ಕ್ಲಾಸಿನಲ್ಲಿ
ನೋಟ್‌ಬುಕ್ ವಾಪಸು ಕೊಟ್ಟೆ. ನನ್ನ ಕೆಂಪು ಗೀಟನ್ನು ನಾನೇ ಹೊಡೆದುಹಾಕಿ, ಪಕ್ಕದಲ್ಲಿ ‘ಇದೇ ಸರಿ’ ಎಂದು ಬರೆದು ಸಹಿ ಮಾಡಿದ್ದೇನೆ. ಬೋರ್ಡಿನ ಮೇಲೂ ಸರಿಯಾದದ್ದು ಬರೆದೆ. ‘ಆವತ್ತು ತಹಸೀನ್ ಬರೆದಿದ್ದೇ ಸರಿ. ನಾನು ತಪ್ಪು ಹೇಳ್ಕೊಟ್ಟಿದ್ದೆ. ಗೊತ್ತಾದ ಮೇಲೂ ಮುಚ್ಚಿಟ್ಟೆ.’
‘ಮಿಸ್ಸೂ ತಪ್ಪು ಮಾಡ್ತಾರೇನ್ಲಾ?’ — ಹಿಂದಿನ ಬೆಂಚು. ಆದರೆ ಯಾರೂ ನಗಲಿಲ್ಲ.
ಎಲ್ಲರೂ ಬರೆದುಕೊಳ್ಳುತ್ತಿದ್ದಾರೆ. ನಾನು ಕೂತು ಇದನ್ನು ಗೀಚುತ್ತಿದ್ದೇನೆ. ತಹಸೀನ್ ಮಾತ್ರ ಬರೆಯುತ್ತಿಲ್ಲ. ಐವತ್ತು ಸಲ ಬರೆದ ಹಾಳೆಯನ್ನೇ ನೋಡುತ್ತಿದ್ದಾಳೆ. ನಾನು ಹಾಕಿದ ‘ಗುಡ್’ ಇನ್ನೂ ಅಲ್ಲೇ ಇದೆ, ಅದನ್ನು ಹೊಡೆದುಹಾಕಲು ಮರೆತೆ.
ತಲೆ ಎತ್ತಿದಳು. ಕೈ ಎತ್ತುತ್ತಿದ್ದಾಳೆ.
ಬಲಗೈ.
ಏನು ಕೇಳುತ್ತಾಳೋ... ಏನೇ ಕೇಳಲಿ, ಈ ಸಲ ನಾನು ಅವಳನ್ನೇ ಎಬ್ಬಿಸುತ್ತೇನೆ.